ಗೋವರ್ಧನನ ಬಾಯಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಗೋವರ್ಧನನಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ, ನಿಜ. ಆದರೆ ಅವನನ್ನು ಯಾರಾದರೂ ಮೂಗ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನನ್ನ ಹತ್ತಿರ ಬಂಗುಡೆಗೆ ಚೌಕಾಸಿ ಮಾಡುತ್ತಾ ಒಬ್ಬ ದೊಡ್ಡ ಮನುಷ್ಯ ಹಾಗೆ ಅಂದು, ಬಂಗುಡೆಯೂ ಇಲ್ಲದೆ ಮರ್ಯಾದೆಯೂ ಇಲ್ಲದೆ ಮನೆಗೆ ಹೋದದ್ದು ಇಡೀ ಮಾರ್ಕೆಟ್ಟಿಗೆ ಗೊತ್ತು. ಅವನು ಮೂಗನಾಗುವುದು ಹೇಗೆ ಮಾರಾಯರೆ, ಅವನ ಬಾಯಿಯಾಗಿ ನಾನೊಬ್ಬಳು ಇಲ್ಲವೇ? ಪದ್ದುವಿನ ಬಾಯಿ ಎರಡು ಜನಕ್ಕೆ ಧಾರಾಳ ಸಾಕು ಎಂದು ನನ್ನ ಗಂಡನೇ ಊರಿಡೀ ಹೇಳಿಕೊಂಡು ತಿರುಗುತ್ತಾನೆ.

ಚಿಕ್ಕಂದಿನಿಂದ ನಮ್ಮಿಬ್ಬರದೇ ಒಂದು ಕೈಬಾಸೆ. ಅವನು ಶಾಲೆಗೆ ಹೋಗಲಿಲ್ಲ, ತ್ರಾಸಿಯಲ್ಲಿ ಬಲೆ ಹೆಣೆಯುವುದು ಕಲಿತ. ಅಂಗಡಿಯವರು, ದೋಣಿಯವರು, ಡಾಕ್ಟರು, ಯಾರೇ ಆಗಲಿ, ಕೇಳುವುದು ನನ್ನನ್ನು, ಉತ್ತರ ಕೊಡುವುದೂ ನಾನೇ. ಕೆಲವು ಸಲ ಅವನನ್ನು ಕೇಳದೆಯೇ ಕೊಡುತ್ತೇನೆ, ಅವನು ಏನು ಹೇಳುತ್ತಾನೆಂದು ನನಗೆ ಮೊದಲೇ ಗೊತ್ತಿರುತ್ತದೆ. ಒಮ್ಮೆ ಹೊಟ್ಟೆನೋವು ಎಲ್ಲಿ ಎಂದು ಡಾಕ್ಟರು ಕೇಳಿದರು. ನಾನು ಬಲಗಡೆ ಎಂದೆ, ಅವನು ಎಡಗಡೆ ಮುಟ್ಟಿ ತೋರಿಸಿದ. ಡಾಕ್ಟರು ನನ್ನನ್ನು ನಂಬಿ ಬಲಗಡೆ ಒತ್ತಿ ನೋಡಿದರು. ನನ್ನ ಮೇಲೆ ಜನಕ್ಕೆ ಅಷ್ಟು ನಂಬಿಕೆ.

ಇಂಥ ತಮ್ಮ 2012ರಲ್ಲಿ ಒಂದು ದಿನ ಬಂದು, ನಾನು ಮದುವೆಯಾಗುವುದಾದರೆ ಸಾಸ್ತಾನದ ನವ್ಯಶ್ರೀಯನ್ನು, ಇಲ್ಲದಿದ್ದರೆ ಯಾರನ್ನೂ ಇಲ್ಲ ಎಂದ. ಕೈಯಲ್ಲೇ ಅಂದದ್ದು, ಆದರೆ ಬಡಿದ ಬಡಿತಕ್ಕೆ ಪಕ್ಕದ ಮೇಜಿನ ಮೇಲಿದ್ದ ಲೋಟ ಉರುಳಿತು. ನವ್ಯಶ್ರೀಗೂ ಕಿವಿ ಕೇಳುವುದಿಲ್ಲ. ಅವಳು ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಬ್ರಹ್ಮಾವರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಟೈಪಿಂಗ್ ಮಾಡುತ್ತಿದ್ದಳು. ಭಾನುವಾರ ಸಂಜೆ ಕುಂದಾಪುರದ ಶಾಸ್ತ್ರಿ ಸರ್ಕಲಿನ ಹತ್ತಿರ ಕಿವಿ ಕೇಳದ ಹುಡುಗ ಹುಡುಗಿಯರು ಸೇರುತ್ತಾರಲ್ಲ, ಒಂದು ಶಬ್ದವಿಲ್ಲದೆ ದೊಡ್ಡ ಗಲಾಟೆ ಮಾಡುತ್ತಾರಲ್ಲ, ಅಲ್ಲಿ ಪರಿಚಯ. ಇವನು ಶಾಲೆಯ ಕೈಬಾಸೆ ಕಲಿತದ್ದೂ ಅಲ್ಲೇ.

ನಮ್ಮ ಅಬ್ಬಿ, ಎಂದರೆ ತಾಯಿ, ಸೀತು ಎಂದು ಹೆಸರು, ಸುತರಾಂ ಒಪ್ಪಲಿಲ್ಲ.

"ಇಬ್ರಿಗೂ ಕೆಮಿ ಕೇಂತಿಲ್ಲೆ ಅಂದ್ರೆ ನಾಳೆ ಮಕ್ಳ್ ಮರ್ಕಿರೆ ಕೇಂಬುದ್ ಯಾರ್?" ಎಂದಳು. ಮಗು ಅತ್ತರೆ ಯಾರಿಗೆ ಕೇಳಿಸಬೇಕು ಎಂಬುದು ಅವಳ ಪ್ರಶ್ನೆ. "ನಂಗೆ ಕೆಮಿ ಕೇಂಬು ಹೆಣ್ಣೇ ಆಯ್ಕ್." ಕಿವಿ ಕೇಳುವ ಹುಡುಗಿಯೇ ಬೇಕು ಎಂದು ಒಂದೇ ಪಟ್ಟು.

ಗೋವರ್ಧನ ಊಟ ಬಿಟ್ಟ. ಅಬ್ಬಿಯೂ ಬಿಟ್ಟಳು. ಇಬ್ಬರ ಹಠ ನೋಡಿ ಸುಸ್ತಾಗಿ ಇಬ್ಬರ ಪಾಲಿನ ಮೀನು ಸಾರನ್ನೂ ನಾನೇ ಉಂಡೆ. ಕೊನೆಗೆ ಅಬ್ಬಿ, ನೋಡಿ ಬರಲು ಬರುತ್ತೇನೆ, ಒಪ್ಪಲು ಬರುವುದಿಲ್ಲ ಎಂದು ಹೊರಟಳು. ಹುಡುಗಿಯ ತಂದೆ ಪಾಂಡು ಫೋನಿನಲ್ಲಿ ಮೊದಲೇ ಹೇಳಿದ್ದ, ಮುಂಬೈಯಿಂದ ಇನ್ನೊಂದು ಸಂಬಂಧ ಬಂದಿದೆ, ಇವತ್ತೇ ಹೌದೋ ಅಲ್ಲವೋ ಹೇಳಿ ಹೋಗಬೇಕು ಎಂದು. ಬಸ್ಸಿನಲ್ಲಿ ಗೋವರ್ಧನ ನನ್ನ ಮೊಣಕೈ ಬಿಡಲೇ ಇಲ್ಲ. ನಾನು ಎದೆ ತಟ್ಟಿಕೊಂಡು, ಅಕ್ಕ ಇದ್ದಾಳೆ, ನೋಡಿಕೊಳ್ಳುತ್ತಾಳೆ ಎಂದು ಸನ್ನೆ ಮಾಡಿದೆ.

ಸಾಸ್ತಾನದ ಆ ಮನೆಯ ಜಗಲಿಯಲ್ಲಿ ನಮಗೆ ಒಂದು ಸಾಲು ಕುರ್ಚಿ, ಎದುರಿಗೆ ಹುಡುಗಿ, ಅವಳ ತಂದೆ ಪಾಂಡು, ತಾಯಿ ಸುಗುಣ. ಹುಡುಗಿ ಚೆನ್ನಾಗಿದ್ದಳು, ಕಣ್ಣಲ್ಲೇ ನಗುವವಳು. ಆದರೆ ನಮ್ಮ ಸಾಲಿನಲ್ಲಿ, ಅಬ್ಬಿಯ ಪಕ್ಕದಲ್ಲಿ, ಕಾಟನ್ ಸೀರೆಯುಟ್ಟ ಇನ್ನೊಬ್ಬಳು ಹುಡುಗಿ ಕೂತಿದ್ದಳು. ಹೆಸರು ಸೌಜನ್ಯ, ಮೈಸೂರಿನವಳು. ನವ್ಯಶ್ರೀಯೇ ಕರೆಸಿದ ದುಭಾಷಿಯಂತೆ. ಸಂಜ್ಞಾ ಭಾಷೆಯಲ್ಲಿ ಪರೀಕ್ಷೆ ಪಾಸು ಮಾಡಿದವಳಂತೆ.

"ಇಲ್ಲಿ ಯಾರು ಏನೇ ಮಾತಾಡಿದರೂ ನಾನು ಕೈಯಲ್ಲಿ ಹೇಳುತ್ತೇನೆ. ಅವರು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತೇನೆ. ಅವರು 'ನಾನು' ಅಂದರೆ ನಾನೂ 'ನಾನು' ಅಂತಲೇ ಹೇಳುವುದು. ಯಾವುದನ್ನೂ ಬಿಡುವುದಿಲ್ಲ, ಯಾವುದನ್ನೂ ಸೇರಿಸುವುದಿಲ್ಲ," ಎಂದಳು.

"ನಮ್ಗೆ ಅದೆಲ್ಲ ಬ್ಯಾಡ ಮೇಡಂ, ನಾನ್ ಇದ್ನಲೆ," ಎಂದೆ ನಾನು.

ಅವಳು ನಗುತ್ತಾ ಆ ಮಾತನ್ನೂ ಕೈಯಲ್ಲಿ ಹೇಳಿಬಿಟ್ಟಳು. ನವ್ಯಶ್ರೀ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನನಗೆ ಆಗಲೇ ಮೈ ಉರಿಯಲು ಶುರುವಾಯಿತು.

ಅಷ್ಟರಲ್ಲಿ ಸಿದ್ದಾಪುರದಿಂದ ನಮ್ಮ ಸೋದರಮಾವ ಅಣ್ಣಯ್ಯ ಬಂದ. ಹೈವೇ ಅಗೆದು ಹಾಕಿದ್ದರಿಂದ ಬಸ್ಸು ತಡವಾಗಿತ್ತು. ದುಭಾಷಿ ಗಿಭಾಷಿ ಅವನಿಗೆ ಗೊತ್ತಿಲ್ಲ. ಸೀದಾ ಬಂದು ಸೌಜನ್ಯಳ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು, ಹಿರಿಯನಾದ ಮೇಲೆ ಕೇಳಬೇಕಲ್ಲ ಎಂದು ಕೇಳಿದ.

"ಹೆಣ್ಣಿನ ಹೆಸ್ರ್ ಎಂತ?"

ಸೌಜನ್ಯಳ ಕೈ ಆಡಿತು. ಎದುರಿನಿಂದ ನವ್ಯಶ್ರೀಯ ಕೈ ಆಡಿತು. ಸೌಜನ್ಯ ಸ್ಪಷ್ಟವಾಗಿ ಹೇಳಿದಳು, "ನನ್ನ ಹೆಸರು ನವ್ಯಶ್ರೀ."

ಮಾವನಿಗೆ ಖುಷಿಯಾಯಿತು. ಗಂಡಿನ ಕಡೆಯವರ ಜೊತೆಗೇ ಸಲಿಗೆಯಿಂದ ಕೂತ ಹುಡುಗಿ, ಮಾತೂ ಚೆಂದ. "ಎಂತ ಕೆಲ್ಸ ಮಾಡ್ತೆ ಮಗಾ?"

"ಬ್ರಹ್ಮಾವರದಲ್ಲಿ ಟೈಪಿಂಗ್ ಮಾಡುತ್ತೇನೆ."

"ಕೆಮಿ ಯಾವಾಗಿಂದ ಕೇಂತಿಲ್ಲೆ?"

"ನನಗೆ ಹುಟ್ಟಿದಾಗಿನಿಂದಲೂ ಏನೂ ಕೇಳಿಸುವುದಿಲ್ಲ."

ಮಾವನ ಬಾಯಲ್ಲಿದ್ದ ಗೋಳಿಬಜೆ ಅರ್ಧಕ್ಕೆ ನಿಂತಿತು. ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನಕ್ಕೆ ಕೈಯನ್ನು ಅವಳ ಬೆನ್ನ ಹಿಂದೆ ಚಾಚಿ, ನೀರಿನ ಸ್ಟೀಲ್ ಚೊಂಬನ್ನು ನೆಲಕ್ಕೆ ಬಿಟ್ಟ. ಢಣ್! ಸೌಜನ್ಯ ಬೆಚ್ಚಿ ಬಿದ್ದು ಎದ್ದು ನಿಂತಳು.

"ಕೇಂತ್! ಇವ್ಳಿಗೆ ಕೇಂತ್!" ಮಾವನೂ ಎದ್ದು ನಿಂತ. "ಹ್ವಾಯ್ ಪಾಂಡು, ಎಂತ ಮೋಸ ಮರಾಯ ಇದ್? ಚಲೋ ಕೆಮಿ ಇಪ್ಪು ಹೆಣ್ಣಿನ ಕೆಪ್ಪಿ ಅಂದೇಳಿ ಮದಿ ಮಾಡುಕೆ ಹೊರಟಿದ್ಯಲ!"

ಲೋಕದಲ್ಲಿ ಹುಡುಗಿಗೆ ಕಿವಿ ಕೇಳುತ್ತದೆ ಎಂಬ ಕಾರಣಕ್ಕೆ ಸಂಬಂಧ ಮುರಿಯಲು ಹೊರಟ ಮೊದಲ ಸೋದರಮಾವ ನಮ್ಮವನೇ ಇರಬೇಕು. ಪಾಂಡು ಅವನನ್ನು ಹಿಡಿದು ಕೂರಿಸಿ ವಿವರಿಸುವಷ್ಟರಲ್ಲಿ ಬೆವರಿದ. ಅದಕ್ಕಿಂತ ದೊಡ್ಡ ಅವಾಂತರ ಏನೆಂದರೆ, ವಿಷಯ ಮೊದಲೇ ಗೊತ್ತಿದ್ದ ನಮ್ಮ ಅಬ್ಬಿಯ ಮುಖವೂ ಅರಳಿತ್ತು. ನನ್ನ ಕಿವಿಗೆ ಬಾಯಿಟ್ಟು, "ಈ ಮೈಸೂರ್ ಹೆಣ್ಣಿಗ್ ಮದಿ ಆಯ್ತಾ ಕೇಣ್ ಕಾಂಬ," ಎಂದಳು.

ಸೌಜನ್ಯ ಅದನ್ನೂ ಕೈಯಲ್ಲಿ ಹೇಳಿದಳು. ತನ್ನ ಬಗ್ಗೆಯೇ ಬಂದ ಮಾತನ್ನು ಹುಬ್ಬು ಕೂಡ ಅಲ್ಲಾಡಿಸದೆ ಹೇಳಿದಳು. ನವ್ಯಶ್ರೀ ಬಿದ್ದು ಬಿದ್ದು ನಕ್ಕಳು. ಗೋವರ್ಧನನ ಮುಖ ಬಿಳಿಚಿತು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಫಜೀತಿ. ಹೆಣ್ಣು ನೋಡುವುದೆಂದರೆ ಏನು? ದೊಡ್ಡದಾಗಿ ಒಂದು ಮಾತು, ಸಣ್ಣದಾಗಿ ಹತ್ತು ಮಾತು. ಆ ಸಣ್ಣ ಮಾತುಗಳಿಂದಲೇ ಸಂಬಂಧ ಕೂಡುವುದು, ಮುರಿಯುವುದು. ಇವಳು ಒಂದನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ.

"ಹೆಣ್ಣ್ ಚೆಂದ ಇತ್ತ್. ಹಲ್ಲ್ ಒಂಚೂರ್ ಮುಂದ್ ಕಾಂತ್," ಎಂದು ಅಬ್ಬಿ ಸೆರಗಿನ ಮರೆಯಲ್ಲಿ ಗೊಣಗಿದಳು. ಸೌಜನ್ಯಳ ಕೈ ಆಡಿತು. ಎದುರಿನ ಕೈ ಉತ್ತರ ಕೊಟ್ಟಿತು.

"ಹಲ್ಲು ಮುಂದಿರುವುದು ನಿಜ," ಎಂದಳು ಸೌಜನ್ಯ. "ನಿಮ್ಮ ಮಗನ ಹಣೆ ಹಿಂದೆ ಹಿಂದೆ ಹೋಗುತ್ತಾ ಇದೆ. ಅದಕ್ಕೆ ನಾನು ಏನಾದರೂ ಅಂದೆನಾ?"

ಅಬ್ಬಿಗೆ ಕೆಮ್ಮು ಬಂತು. ಪಾಂಡು ಹೆಂಡತಿಯ ಕಡೆ ವಾಲಿ, "ಗಂಡಿನ ಅಬ್ಬಿಗೆ ಬಾಯ್ ಜೋರ್ ಇತ್ತ್, ನಮ್ ಹೆಣ್ಣ್ ಸುಧಾರ್ಸುದ್ ಕಷ್ಟ," ಎಂದ. ಅದು ಗೋವರ್ಧನನಿಗೆ ಹೋಯಿತು. ಗೋವರ್ಧನ ಹೌದು ಹೌದು ಎಂದು ತಲೆಯಾಡಿಸಿದ!

"ಅದ್ ನಾನ್ ಹೆಂಡ್ತಿ ಹತ್ರ ಹೇಳಿದ್ ಮೇಡಂ!" ಎಂದು ಪಾಂಡು ಕೂಗಿದ. ಸೌಜನ್ಯ ಆ ಕೂಗನ್ನೂ ಕೈಯಲ್ಲಿ ಹೇಳಿದಳು. ಮಾವ ಬುದ್ಧಿವಂತ, ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಮುಚ್ಚಿಕೊಂಡು ನನಗೆ ಏನೋ ಹೇಳಲು ಬಂದ. ಮಾವ ಬೈರಾಸಿನ ಒಳಗೆ ಮಾತಾಡುತ್ತಿದ್ದಾರೆ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಅವಳು ಅದನ್ನೂ ವರದಿ ಮಾಡಿದಳಂತೆ. ಅಲ್ಲಿಂದ ಮುಂದೆ ಯಾರಿಗೂ ಮಾತಾಡುವ ಧೈರ್ಯ ಬರಲಿಲ್ಲ. ಜಗಲಿಯಲ್ಲಿ ಗೋಳಿಬಜೆ ಅಗಿಯುವ ಸದ್ದು ಮಾತ್ರ. ಕೇಳುವ ನಾವೆಲ್ಲ ಬಾಯಿ ಹೊಲಿದುಕೊಂಡು ಕೂತಿದ್ದೆವು, ಕೇಳದ ಅವರಿಬ್ಬರು ಮಾತ್ರ ಎರಡೂ ಕೈ ಬೀಸಿ ಮಾತಾಡುತ್ತಿದ್ದರು. ಅದನ್ನೂ ಸೌಜನ್ಯ ನಮಗೆ ಹೇಳುತ್ತಾ ಹೋದಳು.

ಮಧ್ಯೆ ಗೋವರ್ಧನ ನನ್ನ ಕಡೆ ತೋರಿಸಿ, ನಾಲ್ಕು ಬೆರಳು ಮತ್ತು ಹೆಬ್ಬೆರಳನ್ನು ಪಟಪಟ ಬಡಿದ. ಅದು ನನ್ನ ಹೆಸರು. ಚಿಕ್ಕಂದಿನಿಂದಲೂ ಅವನು ನನ್ನನ್ನು ಹಾಗೇ ಕರೆಯುವುದು. ಮೀನಿನ ಬಾಯಿ ಅದು, ನಾನು ಮೀನು ಮಾರುವವಳು, ಅದಕ್ಕೇ ಎಂದು ನಾನು ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದ್ದೆ.

"ಇವಳು ನನ್ನ ಬಾಯಿಬಡುಕಿ ಅಕ್ಕ," ಎಂದಳು ಸೌಜನ್ಯ.

ಎಂತ ಸಾವು ಮಾರಾಯರೆ! ನನ್ನ ಕಿವಿ ಬಿಸಿಯಾಯಿತು. ಇದನ್ನೆಲ್ಲ ಹೀಗೆ ಹಸಿಹಸಿ ತಂದು ಜನರ ಮುಂದೆ ಸುರಿಯುವುದಕ್ಕೆ ಪರೀಕ್ಷೆ ಬೇರೆ ಪಾಸು ಮಾಡಬೇಕೇ? ನಾನು ಇಷ್ಟು ವರ್ಷ ಮಾಡಿದ್ದೂ ಇದೇ ಕೆಲಸ. ಆದರೆ ನಾನು ಮುಳ್ಳು ತೆಗೆದು ಕೊಡುತ್ತಿದ್ದೆ. ಯಾರಾದರೂ ಅವನಿಗೆ ಬೈದರೆ ಹೊಗಳಿದರು ಎನ್ನುತ್ತಿದ್ದೆ. ಅವನು ಯಾರಿಗಾದರೂ ಬೈದರೆ ನಮಸ್ಕಾರ ಹೇಳುತ್ತಿದ್ದಾನೆ ಎನ್ನುತ್ತಿದ್ದೆ. ಊರಲ್ಲಿ ಅವನಿಗೆ ಒಬ್ಬನೇ ಒಬ್ಬ ಶತ್ರು ಇಲ್ಲದಿದ್ದರೆ ಅದು ಯಾರ ಪುಣ್ಯ? ಇವಳು ಒಂದು ಗಂಟೆಯೊಳಗೆ ಎರಡು ಮನೆಯನ್ನು ಒಡೆಯುವ ಹಾಗೆ ಮಾಡಿದಳು.

ಕೊನೆಗೆ ಪಾಂಡು ಗಂಟಲು ಸರಿಮಾಡಿಕೊಂಡು, "ಎಂತ ಸೀತಕ್ಕ, ನಿಮ್ದ್ ಎಂತ ಅಭಿಪ್ರಾಯ?" ಎಂದು ಕೇಳಿದ. ಗೋವರ್ಧನ ಕುರ್ಚಿಯ ತುದಿಗೆ ಬಂದು ಅಬ್ಬಿಯ ಮುಖ ನೋಡಿದ.

ಅಬ್ಬಿ ತಲೆ ತಗ್ಗಿಸಿಯೇ ಹೇಳಿದಳು. "ಬೇಜಾರ್ ಮಾಡ್ಕಣ್ಬೇಡಿ ಪಾಂಡಣ್ಣ. ಹೆಣ್ಣ್ ಒಳ್ಳೇದೇ. ಆರೆ ಇಬ್ರಿಗೂ ಕೇಂತಿಲ್ಲೆ ಅಂದ್ರೆ ನಂಗೆ ಧೈರ್ಯ ಬತ್ತಿಲ್ಲೆ. ಇದ್ ಬ್ಯಾಡ."

ನಾನು ತಡಮಾಡಲಿಲ್ಲ. ಮಿಂಚಿನ ಹಾಗೆ ಗೋವರ್ಧನನ ಕಡೆ ತಿರುಗಿ ಸನ್ನೆ ಮಾಡಿದೆ, ಅಬ್ಬಿಗೆ ಹುಡುಗಿ ಹಿಡಿಸಿದೆ, ಒಂದೆರಡು ದಿನ ಟೈಮು ಬೇಕಂತೆ. ಮನೆಗೆ ಹೋಗಿ ನಾನು ಅಬ್ಬಿಯನ್ನು ದಾರಿಗೆ ತರುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಅಬ್ಬಿಯ ಆಚೆ ಪಕ್ಕದಲ್ಲಿ ಸೌಜನ್ಯಳ ಕೈ, ಧೈರ್ಯ ಬರುವುದಿಲ್ಲ, ಇದು ಬೇಡ ಎಂದಿತು. ಒಬ್ಬಳೇ ತಾಯಿ, ಎರಡು ಉತ್ತರ. ಗೋವರ್ಧನ ನನ್ನ ಕೈ ನೋಡಿದ, ಅವಳ ಕೈ ನೋಡಿದ. ನಾನು ಇನ್ನೂ ಜೋರಾಗಿ ಸನ್ನೆ ಮಾಡಿದೆ. ಅವನು ಎದ್ದು ನನ್ನ ಕಡೆಗೆ ಕೈ ಆಡಿಸಿದ.

"ಅಕ್ಕ, ನಿನ್ನ ಕೈ ಕೆಳಗಿಳಿಸು," ಎಂದಳು ಸೌಜನ್ಯ.

ಮಾರ್ಕೆಟ್ಟಿನಲ್ಲಿ ಪೊಲೀಸಿನವನು ಹೇಳಿದರೂ ಸುಮ್ಮನಾಗದ ನಾನು ಸುಮ್ಮನಾದೆ. ಗೋವರ್ಧನ ಅಬ್ಬಿಯ ಎದುರು ನಿಂತು ಕೈ ಎತ್ತಿದ.

"ಅಮ್ಮಾ, ನಾನು ನಿಮಗೊಂದು ವಿಷಯ ಹೇಳಬೇಕಾಗಿದೆ," ಎಂದಳು ಸೌಜನ್ಯ.

ಅಬ್ಬಿ ಅತ್ತಿತ್ತ ನೋಡಿದಳು. "ಇದ್ ಯಾರ್ ಮಾತಾಡುದ್?"

"ನಿನ್ ಮಗ," ಎಂದೆ.

"ನನ್ ಮಗನಾ? ಅವ ತ್ರಾಸಿಯಂಗ್ ಹುಟ್ಟಿದವ. ಮೈಸೂರ್ ಮಾತ್ ಎಲ್ಲ್ ಕಲ್ತ? ನಂಗೆ ಅಬ್ಬಿ ಅಂದೇಳಿ ಕರಿಯದೆ, ಅಮ್ಮ, ನೀವು, ತಾವು ಅಂತ್ನಾ? ಇದ್ ನನ್ ಮಗ ಅಲ್ಲ!" ಅಬ್ಬಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮಗನ ಸ್ವರವನ್ನು ಅವಳು ಕೇಳಿದವಳೇ ಅಲ್ಲ, ಆದರೂ ಅದು ಹೀಗಿರುವುದಿಲ್ಲ ಎಂದು ಮಾತ್ರ ಅವಳಿಗೆ ಖಾತ್ರಿ.

ಸೌಜನ್ಯ ಅದನ್ನೂ ಗೋವರ್ಧನನಿಗೆ ಕೈಯಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ನೀವೇ ಹೇಳಿ ಅಕ್ಕ. ನಿಮ್ಮ ಊರಿನ ಮಾತಿನಲ್ಲೇ ಹೇಳಿ. ಆದರೆ ಅವರು ಹೇಳಿದ್ದಷ್ಟನ್ನೇ. 'ಅವನು' ಅಂತ ಅಲ್ಲ, 'ನಾನು' ಅಂತ," ಎಂದಳು.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ. ಇದೇನು ಮಹಾ! ಗೋವರ್ಧನ ನನ್ನನ್ನು ನೋಡಿ, ನನಗೆ ಅರ್ಥವಾಗುವ ಹಾಗೆ, ನಮ್ಮ ಮನೆಯ ಕೈಬಾಸೆಯಲ್ಲಿ ಶುರುಮಾಡಿದ.

"ಅಬ್ಬಿ," ಎಂದೆ. ಅಬ್ಬಿ ತಲೆ ಎತ್ತಿದಳು. "ಅಬ್ಬಿ, ನಾನ್ ಗೋವರ್ಧನ. ಮಕ್ಳ್ ಮರ್ಕಿರೆ ಕೇಂಬುದ್ ಯಾರ್ ಅಂತೆ ಅಲ್ದಾ ನೀನ್? ಅಕ್ಕನ ಮಗ ಸೋಮ ತೊಟ್ಲಂಗೆ ಮರ್ಕುತಿಪ್ಪತ್ತಿಗೆ ಮನಿಯಂಗೆ ಎಲ್ಲರಿಗೂ ಕೇಂತಿತ್ತ್. ನೀನ್ ಟಿ.ವಿ. ಕಾಂತಿದ್ದೆ. ಅಕ್ಕ..."

ನಾನು ನಿಲ್ಲಿಸಿದೆ. ಗೋವರ್ಧನ ಅದನ್ನೇ ಮತ್ತೊಮ್ಮೆ, ಇನ್ನಷ್ಟು ನಿಧಾನಕ್ಕೆ, ಸನ್ನೆ ಮಾಡಿದ. ಸೌಜನ್ಯ ನನ್ನನ್ನೇ ನೋಡುತ್ತಿದ್ದಳು. ಹಾಳಾದವಳು.

"ಅಕ್ಕ ಬೇಲಿ ಬುಡದಂಗೆ ವನಜನ ಹತ್ರ ಪಂಚಾತಿಗಿ ಮಾಡ್ತಿದ್ಲ್," ಎಂದೆ. ತಡೆಯಲಾಗಲಿಲ್ಲ. "ಪಂಚಾತಿಗಿ ಅಲ್ಲ! ವನಜನ ಅತ್ತಿಗೆ ಹುಷಾರಿರ್ಲಿಲ್ಲ, ಅದ್ನ್ ಕೇಂತಿದ್ದೆ!"

"ಈಗ ಮಾತಾಡಿದ್ ಯಾರ್?" ಎಂದು ಮಾವ ಗಾಬರಿಯಿಂದ ಕೇಳಿದ. "ತಮ್ಮನಾ, ಅಕ್ಕನಾ?"

"ಅಕ್ಕ!"

"ಆಯ್ತ್, ಅಕ್ಕ ಕೂಕಣ್ಲಿ. ತಮ್ಮಂದ್ ಮುಂದ್ ಹೇಳ್."

ಹಲ್ಲು ಕಚ್ಚಿಕೊಂಡು ಹೇಳಿದೆ. "ಮಗಿನ ಎತ್ಕಂಡದ್ ನಾನ್. ಕೇಂಬವ್ರ್, ಯಾರಾರೂ ಹೋತ್ರ್ ಬಿಡ್ ಅಂದೇಳಿ ಕೂಕಂತ್ರ್. ನಂಗೆ ಕೇಂತಿಲ್ಲೆ, ಅದ್ಕೆ ನಾನ್ ಬಲೆ ಹೆಣುವತ್ತಿಗೂ ತೊಟ್ಲ್ ಕಾಂತಾ ಇರ್ತೆ."

ಅದು ನಿಜವೆಂದು ಅಬ್ಬಿಗೂ ಗೊತ್ತು. ಗೋವರ್ಧನ ಮುಗಿಸಿರಲಿಲ್ಲ. ಅವನು ಊಟದ ಸನ್ನೆ ಮಾಡಿದ, ನಗುವಿನ ಸನ್ನೆ ಮಾಡಿದ, ಆಮೇಲೆ ನನ್ನ ಹೆಸರು.

"ಉಂಬತ್ತಿಗೆ ನೀವೆಲ್ಲ ನಗಾಡ್ತ್ರಿ," ಎಂದೆ. "ಎಂತಕ್ ನಗಾಡುದ್ ಅಂದೇಳಿ ನಾನ್ ಕೇಂತೆ. ಎಂತ ಇಲ್ಲ, ಮತ್ತೆ ಹೇಳ್ತೆ ಅಂತಳ್ ಅಕ್ಕ. ಇವತ್ತಿನ್ವರಿಗೆ ಹೇಳ್ಲಿಲ್ಲ. ಈ ಹೆಣ್ಣಿನ ಹತ್ರ ನಾನ್ ಕಾಯುದೇ ಬ್ಯಾಡ ಅಬ್ಬಿ. ಅವ್ಳ್ ನಗಾಡುವತ್ತಿಗೇ ನಂಗೂ ನಗಿ ಬತ್ತ್. ನಂಗ್ ಇವ್ಳೇ ಆಯ್ಕ್."

ನಾನು ಅತ್ತೆ. ಸಿಟ್ಟಿಗೆ ಅಳು ಬಂದದ್ದು ಎಂದು ಮನೆಯಲ್ಲಿ ಹೇಳಿದ್ದೇನೆ, ನಿಮಗೂ ಹಾಗೇ ಹೇಳುತ್ತೇನೆ. ಉಂಡ ಮೇಲೆ ಪಾತ್ರೆ ತೊಳೆಯುವುದು, ಮೀನಿನ ಬುಟ್ಟಿ ಕಟ್ಟುವುದು, ಇದೆಲ್ಲದರ ನಡುವೆ ಒಂದೊಂದು ನಗೆಯನ್ನೂ ಕೈಯಲ್ಲಿ ಆಡಿ ತೋರಿಸುತ್ತಾ ಕೂರಲು ನನಗೆ ಪುರುಸೊತ್ತು ಎಲ್ಲಿತ್ತು? ಆದರೆ ಇವನು ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ಮೊದಲೇ ಊಹಿಸಿರಲಿಲ್ಲ. ಅದು ನನಗೆ ಬಹಳ ಸಂಕಟವಾಯಿತು.

ಅಬ್ಬಿ ನನ್ನ ಮುಖವನ್ನೇ ನೋಡುತ್ತಾ, "ಆಯ್ತ್ ಮಗಾ," ಎಂದಳು.

ನಾನು ಅವಳ ಗಲ್ಲ ಹಿಡಿದು ಆಚೆ ತಿರುಗಿಸಿದೆ. "ನಂಗ್ ಎಂತಕ್ ಹೇಳ್ತೆ? ನಿನ್ ಮಗ ಅಲ್ಲ್ ನಿಂತಿದ್ದ."

"ಆಯ್ತ್ ಮಗಾ," ಎಂದು ಅಬ್ಬಿ ಅವನಿಗೆ ಹೇಳಿದಳು. "ನಿಂಗ್ ಬೇಕಾದ್ ಹೆಣ್ಣೇ ಆಯ್ಲಿ."

ನಾನು ಅದನ್ನು ಕೈಯಲ್ಲಿ ಹೇಳಿದೆ. ನವ್ಯಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸುಗುಣ ಶಿರಾ ತರಲು ಒಳಗೆ ಓಡಿದಳು. ಮಾವ ಬೈರಾಸಿನಿಂದ ಕಣ್ಣು ಒರೆಸಿಕೊಂಡ. ಆ ಗದ್ದಲದಲ್ಲಿ ಅಬ್ಬಿ ನನ್ನ ಕಡೆ ವಾಲಿ ಸಣ್ಣ ಸ್ವರದಲ್ಲಿ ಅಂದಳು, "ಪದ್ದು, ಇದೊಂದ್ ಅವ್ನಿಗ್ ಹೇಳ್ಬ್ಯಾಡ. ನಂಗೆ ಹೆದ್ರಿಕಿ ಆತ್ತ್. ನಾನ್ ಸತ್ ಮೇಲೆ ಇವ್ರಿಬ್ರಿಗ್ ಎಂತಾರೂ ಆರೆ?"

ಸೌಜನ್ಯಳಿಗೆ ಖಂಡಿತ ಕೇಳಿಸಿತು. ಆದರೆ ಅವಳ ಕೈ ಮಡಿಲಲ್ಲೇ ಇತ್ತು. ಅವಳು ನನ್ನನ್ನು ನೋಡಿದಳು, ಗೋವರ್ಧನನೂ ನನ್ನನ್ನೇ ನೋಡುತ್ತಿದ್ದ. ಅಬ್ಬಿಯ ತುಟಿ ಆಡಿದ್ದನ್ನು ಕಂಡಿದ್ದಾನೆ. ಏನಂತೆ ಎಂದು ಗಲ್ಲ ಎತ್ತಿ ಕೇಳಿದ.

ಏನಿಲ್ಲ ಎನ್ನುವುದು ಸುಲಭ, ಒಂದು ಕೈ ಬೀಸಿದರೆ ಮುಗಿಯಿತು. ನಾನು ಎರಡೂ ಕೈ ಎತ್ತಿದೆ. ಹೆದರಿಕೆ ಎಂದೆ, ಸಾವು ಎಂದೆ, ನೀವಿಬ್ಬರು ಎಂದೆ, ಅವನಿಗೆ ಹೇಳಬೇಡ ಎಂದದ್ದನ್ನೂ ಹೇಳಿದೆ. ಅಬ್ಬಿ ನನ್ನ ತೊಡೆಗೆ ಫಟ್ಟನೆ ಹೊಡೆದು, "ಬಾಯಂಗ್ ಒಂದ್ ಮಾತ್ ನಿಲ್ತಿಲ್ಯಲೆ ನಿಂಗೆ!" ಎಂದಳು.

ಗೋವರ್ಧನ ಬಂದು ಅಬ್ಬಿಯ ಕಾಲ ಬುಡದಲ್ಲಿ ನೆಲದ ಮೇಲೆ ಕೂತ. ಅವಳ ಮುಖ ನೋಡಿ ಒಂದೇ ಒಂದು ಸನ್ನೆ ಮಾಡಿದ. ಎಲ್ಲರೂ ನನ್ನ ಬಾಯಿ ನೋಡಿದರು.

"ನಂಗೂ ಹೆದ್ರಿಕಿ ಆತ್ತ್, ಅಬ್ಬಿ," ಎಂದೆ.

ಅಬ್ಬಿ ಅವನ ತಲೆಯ ಮೇಲೆ ಕೈಯಿಟ್ಟಳು. "ಹಾಂಗಾರೆ ತಡ ಮಾಡುದ್ ಬ್ಯಾಡ, ಬೇಗ ಮದಿಗೆ ದಿನ ಕಾಂಬ," ಎಂದಳು, ನನ್ನ ಕಡೆ ತಿರುಗಿಯೂ ನೋಡದೆ, ಅವನ ಮುಖಕ್ಕೇ.